ಹಿಂದಿರುಗದವರ ಹಾಡು



ನಿನ್ನ ಕಾಗದವನ್ನು ನಿನ್ನ ತಾಯಿ ಓದಿ ಹೇಳಿದಳು. ಅವಳು ನಡುನಡುವೆ ಏನನ್ನೋ ನುಂಗಿಕೊಳ್ಳುತ್ತಿರುವಳೆಂಬ ಸಂಶಯ ಬಂದು, ಕನ್ನಡಕವನ್ನು ಹುಡುಕಿ ತೆಗೆದು ನಾನೇ ಇನ್ನೊಮ್ಮೆ ಓದಿದೆನು. ನಿನ್ನ ಮದುವೆಯ ಸಂಜೆಯ ಔತಣದಲ್ಲಿ ಹುಡುಗಿಯ ಇಟಲಿಯ ಅಜ್ಜನ ಅಕಾರ್ಡಿಯನ್ ಬೇಡ, ಆ ಅಳುಬುರುಕ ಹಾಡುಗಳು ಬೇಡ, ಅವುಗಳ ಒಂದು ಶಬ್ದವೂ ಮೊಮ್ಮಗಳಾದ ಅವಳಿಗೇ ತಿಳಿಯದು, ಮೇಲಾಗಿ ಅವೆಲ್ಲ ಹಣಕ್ಕಾಗಿ ಬರೆದ ನೇಪಲ್ಸಿನ ಸರಕು ಎಂದಿರುವೆ. ಇದನ್ನು ಆ ವೃದ್ಧರಿಗೆ ನೋವಾಗದಂತೆ ತಿಳಿಸುವ ಬಗೆ ಯಾವುದೆಂದು ನನ್ನನ್ನು ಕೇಳಿರುವೆ. ಟೊರಾಂಟೊದಲ್ಲಿ ಇಟಲಿಯವರ ನಡುವೆ ನಾನು ಬಾಳಿದವಳೆಂಬ ಕಾರಣಕ್ಕೆ ಕೇಳಿದೆಯಾದರೆ ಸಂತೋಷ. ಮೊದಲೇ ಮಾಡಿಕೊಂಡ ನಿಶ್ಚಯಕ್ಕೆ ಹಿರಿಯಳ ಮುದ್ರೆಯೊಂದಿರಲೆಂದು ಕೇಳಿದೆಯಾದರೆ, ಅದು ಈ ಕಾಗದದಲ್ಲಿ ದೊರೆಯಲಾರದು. ನಿನ್ನಂಥ ಮಕ್ಕಳು ಬೇರೆ ಮನೆಗಳಲ್ಲಿಯೂ ಇರುವರಾದ ಕಾರಣ ಪತ್ರಿಕೆಯ ಮೂಲಕವೇ ಉತ್ತರಿಸುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಅಂಜಬೇಡ.

ಮೊದಲು ನಿನ್ನ ಪಕ್ಷದಲ್ಲಿರುವುದನ್ನು ಒಪ್ಪಿಬಿಡುತ್ತೇನೆ. ಇವು ಯಾವುದೋ ಬೆಟ್ಟದ ಕುರುಬರ ಬಾಯಿಂದ ತಾನಾಗಿ ಉದಿಸಿದ ಪುರಾತನ ಪದಗಳಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ನೇಪಲ್ಸಿನಲ್ಲಿ ನಡೆಯುತ್ತಿದ್ದ ಪಿಯೆದಿಗ್ರೊತ್ತ ಉತ್ಸವಕ್ಕೆಂದು ಕವಿಗಳೂ ಸಂಗೀತಗಾರರೂ ಹೊಸೆದು, ಪ್ರಕಾಶಕರು ಅಚ್ಚು ಹಾಕಿಸಿ, ತರುವಾಯ ಗ್ರಾಮಫೋನಿನ ತಟ್ಟೆಗಳಲ್ಲಿ ಸಾಗರದಾಚೆಗೆ ಮಾರಾಟವಾದ ಗೀತೆಗಳು ಇವುಗಳಲ್ಲಿ ಬಹಳ. ‘ಓ ಸೋಲೆ ಮಿಯೊ’ 1898ರದು. ಹಡಗು ನೇಪಲ್ಸಿನ ತೀರವನ್ನು ಬಿಟ್ಟು ಸಾಗುವಾಗಿನ ಸಂಕಟವನ್ನು ಹೇಳುವ ‘ಸಾಂತಾ ಲುಚೀಯ ಲುಂತಾನ’ವನ್ನು 1919ರಲ್ಲಿ ರಚಿಸಿದ ಇ. ಎ. ಮಾರಿಯೊ, ಅದೇ ನಗರದ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವನು. ಕ್ರಿಸ್ಮಸ್ ಸಮೀಪಿಸುತ್ತಿರಲು ದೂರದೇಶದ ಮಗನು ತಾಯಿಗೆ ಬರೆಯುವ ಓಲೆಯ ರೂಪದಲ್ಲಿರುವ ‘ಲಾಕ್ರೆಮೆ ನಾಪುಲಿತಾನೆ’ಗೆ 1925ರಲ್ಲಿ ಸಾಹಿತ್ಯವನ್ನೊದಗಿಸಿದ ಲಿಬೆರೊ ಬೋವಿಯೊ ಕೂಡ ಮನೆಬಿಟ್ಟು ಹೋದವನಲ್ಲ, ನೇಪಲ್ಸಿನಲ್ಲಿಯೇ ಬಾಳಿದವನು. ಇಷ್ಟನ್ನೂ ನಿನ್ನಂತೆಯೇ ನಾನೂ ಬಲ್ಲೆ. ಬರೆದವರು ಯಾರೆಂಬುದರಿಂದಲೇ ಹಾಡಿದವರ ದುಃಖದ ಸಾಚಾತನವನ್ನು ನಿರ್ಣಯಿಸುವ ನಿನ್ನ ತರ್ಕವನ್ನು ಮಾತ್ರ ಒಪ್ಪಲಾರೆ.

ನಾವು ಕಾಲೇಜ್ ರಸ್ತೆಯ ಪಕ್ಕದ ಗಲ್ಲಿಯೊಂದರ ಮನೆಯಲ್ಲಿ ಮಹಡಿಯ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗಿನ ಭಾಗದಲ್ಲಿ ಅಬ್ರುತ್ಸೊ ಪ್ರಾಂತದ ಬೆಟ್ಟದೂರೊಂದರಿಂದ ಬಂದ ದಂಪತಿಗಳಿದ್ದರು. ಆತನು ಕಾಂಕ್ರೀಟ್ ಸುರಿಯುವ ಕೆಲಸದವನು. 1960ರ ಮಾರ್ಚಿನಲ್ಲಿ ಹಾಗ್ಸ್ ಹಾಲೋ ಎಂಬಲ್ಲಿ ನೀರಿನ ಕೊಳವೆಗಾಗಿ ನೆಲದಡಿ ಸುರಂಗ ಕೊರೆಯುತ್ತಿದ್ದಾಗ ಬೆಂಕಿ ಬಿದ್ದು, ಅವನ ದೇಶದ ಐವರು ಕೂಲಿಗಳು ಒಳಗೇ ಸತ್ತಿದ್ದರು. ಆ ಮಾತು ಬಂದರೆ ಆತನು ಸುಮ್ಮನಾಗುತ್ತಿದ್ದನು. ಸ್ವಲ್ಪ ಹೊತ್ತಿನಲ್ಲಿ ಅಕಾರ್ಡಿಯನ್ ತೆಗೆಯುತ್ತಿದ್ದನು. ಭಾನುವಾರಗಳಲ್ಲಿ 1966ರಲ್ಲಿ ಹುಟ್ಟಿಕೊಂಡಿದ್ದ ಚಿನ್ ರೇಡಿಯೊ, ಸೆಪ್ಟೆಂಬರಿನಲ್ಲಿ ಗ್ಯಾರೇಜಿನ ತುಂಬ ಟೊಮೇಟೊ ಕುದಿಯುವ ಕೊಪ್ಪರಿಗೆ, ಚಳಿಗಾಲದ ಸಂಜೆಗಳಲ್ಲಿ ನೆಲದ ಹಲಗೆಗಳನ್ನು ದಾಟಿ ಮೇಲಕ್ಕೇರಿ ಬರುವ ಆ ಹಾಡುಗಳು: ಇವುಗಳ ನಡುವೆ, ಊರಿನಿಂದ ಬರುವ ಕಾಗದವನ್ನೇ ಕಾಯುತ್ತ, ಅಕ್ಕಿ ತೊಳೆದ ನೀರು ಬೆರಳನ್ನು ಕೊರೆಯುತ್ತಿರುವಾಗ ಯಾರಿಗೂ ಕಾಣದಂತೆ ಅಳುತ್ತ, ನಿನ್ನ ದೊಡ್ಡಪ್ಪನ ಓದು ಮುಗಿಯುವವರೆಗೆ ನಾನು ಸಂಸಾರ ಮಾಡಿದೆನು.

ನೇಪಲ್ಸಿನ ಆ ಕಡಲ ಹಾಡನ್ನು ಆತನು ಅಷ್ಟೊಂದು ಅಕ್ಕರೆಯಿಂದ ಹಾಡುವುದನ್ನು ಕೇಳಿ, ‘ನಿಮ್ಮ ಊರಿಗೆ ಸಮುದ್ರ ಹತ್ತಿರವೇ?’ ಎಂದು ಒಮ್ಮೆ ವಿಚಾರಿಸಿದೆನು. ‘ನಮ್ಮಲ್ಲಿರುವುದು ಕುರಿ, ಕಲ್ಲು’ ಎಂದನು. ನೇಪಲ್ಸನ್ನು ಆತನು ಕಂಡದ್ದು ಹಡಗನ್ನೇರುವ ದಿನ, ಗಂಟುಮೂಟೆಯ ಕಾವಲಿನಲ್ಲಿ. ಕಲಾಬ್ರಿಯದವರೂ ಸಿಸಿಲಿಯವರೂ ಆ ಬೀದಿಯಲ್ಲಿದ್ದರು. ಅವರವರ ಊರಿನ ನುಡಿ ಒಬ್ಬರದು ಇನ್ನೊಬ್ಬರಿಗೆ ಅರೆಬರೆಯಾಗಿ ತಿಳಿಯುತ್ತಿತ್ತು. ಆದರೂ ಯಾರದೂ ಅಲ್ಲದ ನೇಪಲ್ಸಿನ ಹಾಡುಗಳಲ್ಲಿ ಎಲ್ಲರೂ ಸೇರಿಕೊಳ್ಳುತ್ತಿದ್ದರು. ಹುಟ್ಟಿದ ದೇಶದಲ್ಲಿ ಇಟಲಿಯವರಾಗದಿದ್ದ ಅವರು ಆ ಬೀದಿಯಲ್ಲಿ ಇಟಲಿಯವರಾದರು.

ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದ ಸಂಗತಿ ಬೇರೊಂದಿದೆ. ಎಷ್ಟೋ ವರ್ಷ ಹಣ ಕೂಡಿಟ್ಟು ಆತನು ಒಂದು ಬೇಸಗೆಯಲ್ಲಿ ಊರಿಗೆ ಹೋದನು. ಹೇಳಿಹೋದ ದಿನಕ್ಕೆ ಮೊದಲೇ ಮರಳಿ ಬಂದನು. ತಮ್ಮನು ಹಳೆಯ ಮನೆಯನ್ನು ಕೆಡವಿ ಕಟ್ಟಿಸಿದ್ದನಂತೆ, ಕಂಡಕಂಡವರು ಸಾಲ ಕೇಳಿದರಂತೆ, ‘ಅಮೆರಿಕದವನು’ ಎಂದು ಕರೆದರಂತೆ. ಇಷ್ಟನ್ನು ಹೆಂಡತಿಯು ನನಗೆ ಅಡಿಗೆಮನೆಯಲ್ಲಿ ಹೇಳಿದಳು. ಆ ವರ್ಷದಿಂದ ಆತನ ಹಾಡು ನಿಂತೀತೆಂದು ನಾನೆಣಿಸಿದ್ದೆನು. ಮೊದಲಿಗಿಂತಲೂ ಗಟ್ಟಿಯಾಗಿ ಹಾಡತೊಡಗಿದನು.

ಅಂದಿನಿಂದ ನನಗನ್ನಿಸಿರುವುದು ಇದು. ತಿರುಗಿ ಹೋಗುವೆನೆಂಬ ಹಾಡನ್ನು ಅಷ್ಟು ಎದೆತುಂಬಿ ಹಾಡುವವರು ತಿರುಗಿ ಹೋಗದವರೇ. 1876ರಿಂದ 1915ರವರೆಗೆ ಇಟಲಿಯಿಂದ ಹೊರಟವರ ಲೆಕ್ಕ ಸುಮಾರು 1 ಕೋಟಿ 40 ಲಕ್ಷ. 1913 ಒಂದೇ ವರ್ಷದಲ್ಲಿ 8 ಲಕ್ಷಕ್ಕೂ ಮೀರಿ. ಅವರಲ್ಲಿ ದೊಡ್ಡದೊಂದು ಪಾಲು ಕೂಲಿಯನ್ನು ಗಳಿಸಿಕೊಂಡು ಮರಳಿ ಬಂದು ಹೊಲ ಕೊಂಡಿತು. ಅವರಿಗೆ ಈ ಹಾಡಿನ ಅಗತ್ಯವೇ ಇರಲಿಲ್ಲ. ಉಳಿದವರಿಗೆ, ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುವ ಮನೆಯಲ್ಲಿ ನೆಮ್ಮದಿಯಿಂದ ಇದ್ದುಬಿಡಲು, ಬಿಟ್ಟುಬಂದ ತಾಯಿಯ ಋಣವನ್ನು ಯಾವುದಾದರೊಂದು ಬಗೆಯಲ್ಲಿ ಸಲ್ಲಿಸಬೇಕಾಗಿತ್ತು. ನಮ್ಮ ಕಡೆ ಬೀಸುಕಲ್ಲಿನ ಮುಂದೆ ಕುಳಿತು ತವರನ್ನು ಕೊಂಡಾಡಿ ಹಾಡುತ್ತಿದ್ದ ಹೆಂಗಸರು ಹಿಟ್ಟು ಬೀಸಿದ್ದು ಗಂಡನ ಮನೆಯ ರೊಟ್ಟಿಗೆ. ಹಾಡಿ ಮುಗಿಸಿ ಅವರಾರೂ ತವರಿಗೆ ಎದ್ದುಹೋಗುತ್ತಿರಲಿಲ್ಲ. ಹುಡುಗಿಯ ಅಜ್ಜನು ಕೆನಡದಲ್ಲಿ ಬೇರೂರಿದ್ದು ಆ ಅಕಾರ್ಡಿಯನ್ನಿನಿಂದ. ಆ ಬೇರಿನ ಫಲವನ್ನೇ ನೀನು ಮದುವೆಯಾಗುತ್ತಿರುವೆ.

ಹಾಗೆಂದು ಇದಕ್ಕೆ ದೊಡ್ಡ ಕಥೆಗಳನ್ನು ಹಚ್ಚುವುದೂ ನನಗೆ ಸೇರದು. ನ್ಯೂಯಾರ್ಕಿನ ಇಟಲಿಯವರು ‘ವಲಸೆಗಾರರ ರಾಣಿ’ ಎಂದು ಕರೆದ ಗಾಯಕಿ ಜಿಲ್ದ ಮಿಞ್ಞೊನೆಟ್ 1953ರಲ್ಲಿ ನೇಪಲ್ಸಿಗೆ ಮರಳುವ ಹಡಗಿನಲ್ಲಿಯೇ, ಊರು ಸೇರುವ ಮೊದಲೇ ಪ್ರಾಣಬಿಟ್ಟಳು. ಈ ಸಂಗತಿಯನ್ನು ಹೇಳಿ ಕಣ್ಣೊರಸಿಕೊಳ್ಳದ ಮುದುಕರಿಲ್ಲ. ನನಗೆ ಅದಕ್ಕಿಂತ, ಕಲ್ಲಿದ್ದಲ ಗಣಿಗೋ ಕಾಫಿ ತೋಟಕ್ಕೋ ಹೋದವರು ರಾತ್ರಿ ಹಾಡಿ ಬೆಳಗ್ಗೆ ಎದ್ದು ಕೆಲಸಕ್ಕೆ ಹೊರಟುದು ದೊಡ್ಡದಾಗಿ ಕಾಣುತ್ತದೆ.

ಈಗ ಕೋಪದ ಮಾತು. ‘ಒಂದು ಶಬ್ದವೂ ತಿಳಿಯದು’ ಎಂದೆಯಲ್ಲ, ಬೆಳಗಿನ ಮಂಟಪದಲ್ಲಿ ಪುರೋಹಿತರು ಹೇಳಲಿರುವ ಮಂತ್ರಗಳಲ್ಲಿ ನಿನಗೆ ತಿಳಿಯುವುದೆಷ್ಟು? ಅದಕ್ಕೆ ಗಂಟೆಗಟ್ಟಲೆ ಹೊತ್ತು, ಆ ಮುದುಕರಿಗೆ ಎರಡು ಹಾಡಿನಷ್ಟು ಹೊತ್ತಿಲ್ಲ! ಅದೂ ಸಾಲದೆ, ‘ಗಾಡ್‌ಫಾದರ್’ ಚಿತ್ರದ ಮದುವೆಯ ಹಾಡೊಂದನ್ನು ಮಾತ್ರ ಡಿಜೆಯಿಂದ ಹಾಕಿಸುವೆನೆಂದು ಬರೆದಿರುವೆ. ಆ ‘ಲೂನ ಮೆತ್ಸೊ ಮಾರೆ’ಯೂ ಈ ಮುದುಕರದೇ ಹಾಡು, ಸಿಸಿಲಿಯದು, ಗಾಯಕ ಲೂ ಮಾಂಟೆ 1958ರಲ್ಲಿ ಇಂಗ್ಲಿಷು ಬೆರೆಸಿ ಅದನ್ನು ಜನಪ್ರಿಯಗೊಳಿಸಿದ ಮೇಲೆ 1972ರಲ್ಲಿ ಚಿತ್ರಕ್ಕೆ ಹೋಯಿತು. ಮಗಳನ್ನು ಕಟುಕನಿಗೆ ಕೊಡಲೋ ಬೆಸ್ತನಿಗೆ ಕೊಡಲೋ ಎಂದು ತಾಯಿಯು ಪೋಲಿ ಮಾತಿನಲ್ಲಿ ಲೆಕ್ಕ ಹಾಕುವ ಆ ಹಾಡಿನ ಅರ್ಥವನ್ನು ಯಾರಾದರೂ ಬಿಡಿಸಿ ಹೇಳಿದರೆ ನಿನ್ನ ತಾಯಿ ಔತಣದಿಂದ ಎದ್ದುಹೋದಾಳು. ಸಿನಿಮಾದಲ್ಲಿ ಬಂದರೆ ಪರಂಪರೆ, ಅಜ್ಜನ ಬಾಯಲ್ಲಿ ಬಂದರೆ ಅಳುಬುರುಕುತನ. ಇದು ಯಾವ ನ್ಯಾಯ?

ಸಾಕು, ಬೈದದ್ದಾಯಿತು. ಮದುವೆ ನಿಮ್ಮಿಬ್ಬರದು, ತೀರ್ಮಾನವೂ ನಿಮ್ಮದೇ ಆಗತಕ್ಕದ್ದು. ಹರೆಯದವರು ಕುಣಿಯಬೇಕು, ಮತ್ತು ತೊಡಗಿದ ಮುದುಕರನ್ನು ನಿಲ್ಲಿಸುವುದು ಕಷ್ಟವೆಂಬುದೂ ದಿಟ. ಆ ಕೆಳಮನೆಯಾತನು ಒಮ್ಮೆ ಯಾರದೋ ನಾಮಕರಣದಲ್ಲಿ ಊಟ ಆರುವವರೆಗೂ ಹಾಡಿದ್ದನ್ನು ಕಂಡಿದ್ದೇನೆ. ಆದಕಾರಣ ಊಟಕ್ಕೆ ಮೊದಲು ಹುಡುಗಿಯ ಅಜ್ಜನಿಗೆ ಅವಕಾಶ ಕೊಡು, ಡಿಜೆ ಬರುವುದು ತರುವಾಯ. ಹಾಡುಗಳನ್ನು ನೀನು ಆರಿಸಬೇಡ, ಅವರೇ ಆರಿಸಲಿ. ಇದಕ್ಕೆ ಮೊದಲು ಒಂದು ಸಂಜೆ ಹುಡುಗಿಯನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಯಾವ ಹಾಡನ್ನು ಯಾರಿಂದ ಕಲಿತಿರಿ ಎಂದು ಕೇಳು. ಫೋನನ್ನು ಅವರ ಮುಖಕ್ಕೆ ಹಿಡಿಯದೆ ಕೇಳು. ಹುಡುಗಿಗೆ ಅರ್ಥ ಬೇಕೆನಿಸಿದರೆ ಅವರೇ ಹೇಳಿಯಾರು, ಅವಳಿಗೆ ಅದನ್ನು ಕೇಳುವ ಧೈರ್ಯ ಇದುವರೆಗೆ ಬಂದಿಲ್ಲವೆಂದು ನನ್ನ ಊಹೆ.

ವೀಸಾ ಬಂದಿದೆ, ಟಿಕೆಟ್ಟೂ ಆಗಿದೆ. ಔತಣದಲ್ಲಿ ನನ್ನನ್ನು ಸ್ಪೀಕರುಗಳಿಂದ ದೂರವಾಗಿ, ಅಜ್ಜನ ಪಕ್ಕದಲ್ಲಿ ಕುಳ್ಳಿರಿಸು. ಅವರು ಯಾವ ಪ್ರಾಂತದವರೆಂದು ನೀನು ಬರೆದೇ ಇಲ್ಲ, ಕೇಳಿ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ