ಮುರಾನೊ ಗಾಜಿನ ಹಬ್ಬಕ್ಕೆ ಹೊರಟವರಿಗೆ

ಕಲಾಗಾಜು ಕೂಡಿಡುವ ಹುಚ್ಚು ಹಿಡಿದವರು ಪ್ರಯಾಣವನ್ನು ಕೊನೆಯಿಂದ ಮೊದಲಿಗೆ ಯೋಚಿಸಬೇಕು. ಕೊಂಡ ಹೂದಾನಿ ಮನೆಯ ಕಪಾಟಿನವರೆಗೆ ಹೇಗೆ ಬರುತ್ತದೆ ಎಂದು ಮೊದಲು ತೀರ್ಮಾನಿಸಿ, ವಿಮಾನದ ಟಿಕೆಟ್ ಆಮೇಲೆ. ಉಪ್ಪಿನಕಾಯಿ ಭರಣಿ ಹೊತ್ತು ವಿದೇಶಕ್ಕೆ ಹೋಗಿಬಂದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿಗೆ ಹೋಗುವುದು? ನನ್ನ ಮತ ವೆನಿಸ್‌ಗೆ. 2017ರಿಂದ ಅಲ್ಲಿ ಸೆಪ್ಟೆಂಬರ್‌ನಲ್ಲಿ ‘ವೆನಿಸ್ ಗ್ಲಾಸ್ ವೀಕ್’ ನಡೆಯುತ್ತಿದೆ. ಹೆಸರಿಗೆ ವಾರ, ನಡೆಯುವುದು ಸುಮಾರು ಒಂಬತ್ತು ದಿನ. ಸಂಗ್ರಾಹಕರು, ಕಲಾವಿದರು, ವ್ಯಾಪಾರಿಗಳೆಲ್ಲ ಒಂದೆಡೆ ಸಿಗುತ್ತಾರೆ; ಅನೇಕ ಪ್ರದರ್ಶನಗಳಿಗೆ ಪ್ರವೇಶ ಉಚಿತ. ಕೆಲವೆಡೆ ಮುಂಗಡವಾಗಿ ಹೆಸರು ಬರೆಸಬೇಕಾಗುತ್ತದೆ, ಆದ್ದರಿಂದ ಕಾರ್ಯಕ್ರಮ ಪಟ್ಟಿ ಹೊರಬಿದ್ದ ಕೂಡಲೇ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಹೋದರೆ ನಿರಾಸೆಯೇ; ದುರಸ್ತಿಗಾಗಿ ಬಹಳಷ್ಟು ಕುಲುಮೆಗಳು ಆ ತಿಂಗಳು ಬಾಗಿಲು ಹಾಕಿರುತ್ತವೆ.

ಕಾಗದಪತ್ರ

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಅದನ್ನು ನೆಚ್ಚಿಕೊಂಡು ಕೂರಬೇಡಿ. ಜೂನ್‌ನಲ್ಲೇ ಅರ್ಜಿ ಕೊಟ್ಟುಬಿಡಿ. ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ.

ನೀರಿನ ಮೇಲಿನ ಓಡಾಟ

ಮುರಾನೊ ವೆನಿಸ್‌ಗೆ ತಾಗಿಕೊಂಡೇ ಇರುವ ದ್ವೀಪ. ಕುಲುಮೆಗಳಿಂದ ಊರಿಗೆ ಬೆಂಕಿ ತಗುಲೀತೆಂದು 1291ರಲ್ಲಿ ಗಾಜುಗಾರರನ್ನು ಅಲ್ಲಿಗೆ ಕಳಿಸಿದರು. ಫೊಂದಾಮೆಂತೆ ನೋವೆ ದಡದಿಂದ 4.1 ಅಥವಾ 4.2 ಸಂಖ್ಯೆಯ ವಪೊರೆತ್ತೊ ಹತ್ತಿದರೆ ಹತ್ತು ನಿಮಿಷದ ದಾರಿ. ವಪೊರೆತ್ತೊ ಎಂದರೆ ನಮ್ಮ ಸಿಟಿ ಬಸ್ಸಿನಂಥದೇ ದೋಣಿ. ಒಂದು ಟಿಕೆಟ್ಟಿಗೆ 9.50 ಯೂರೊ, 75 ನಿಮಿಷ ನಡೆಯುತ್ತದೆ; 45 ಯೂರೊ ಕೊಟ್ಟು 72 ಗಂಟೆಯ ಪಾಸ್ ಕೊಂಡರೆ ಐದನೇ ಸವಾರಿಗೇ ಅಸಲು ಹುಟ್ಟುತ್ತದೆ.

ಮೊದಲ ದಿನ ಏನನ್ನೂ ಕೊಳ್ಳಬೇಡಿ. ಬೆಳಿಗ್ಗೆ ಮುರಾನೊದ ಗಾಜಿನ ವಸ್ತುಸಂಗ್ರಹಾಲಯಕ್ಕೆ ಹೋಗಿ. 1861ರಲ್ಲಿ ಶುರುವಾದ ಇದರಲ್ಲಿ ಹಳೆಯ ಕೆಲಸ ನೋಡಿದ ಕಣ್ಣಿಗೆ ಅಂಗಡಿಯ ಸರಕು ತಾನಾಗಿ ಬೇರ್ಪಡುತ್ತದೆ. ಸಮಯ ಮಿಕ್ಕರೆ ಸಾನ್ ಜಾರ್ಜೊ ದ್ವೀಪದ ‘ಲೆ ಸ್ತಾಂಝೆ ದೆಲ್ ವೆತ್ರೊ’. ಇಪ್ಪತ್ತನೇ ಶತಮಾನದ ಗಾಜನ್ನು ಅದರಷ್ಟು ಶ್ರದ್ಧೆಯಿಂದ ತೋರಿಸುವ ಜಾಗಗಳು ಕಡಿಮೆ. ವೆನೀನಿ ಕಾರ್ಖಾನೆಗಾಗಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಮಾಡಿದ ವಿನ್ಯಾಸಗಳ ಮೇಲೆ 2012ರಲ್ಲಿ ಪ್ರದರ್ಶನ ನಡೆಸಿದವರು ಇವರೇ.

ಮಧ್ಯಾಹ್ನ ಒಂದು ಕುಲುಮೆ. ಕಬ್ಬಿಣದ ಕೊಳವೆಯ ತುದಿಗೆ ಕೆಂಡದುಂಡೆ ಜೇನಿನ ಹಾಗೆ ಜೋತಿರುತ್ತದೆ. ಮೇಸ್ತ್ರಿಯ ಎಡಗೈ ಕೊಳವೆಯನ್ನು ತಿರುಗಿಸುತ್ತಲೇ ಇರುತ್ತದೆ, ನಿಲ್ಲಿಸಿದರೆ ಉಂಡೆ ಒಂದು ಕಡೆಗೆ ಇಳಿದುಬಿಡುತ್ತದೆ. ಬಲಗೈಯ ಇಕ್ಕಳ ಒಮ್ಮೆ ಹಿಡಿದೆಳೆದರೆ ಕತ್ತು, ಇನ್ನೊಮ್ಮೆ ಎಳೆದರೆ ಕಾಲು. ಎರಡು ಮೂರು ನಿಮಿಷದಲ್ಲಿ ಕುದುರೆ ಮುಂಗಾಲೆತ್ತಿ ನಿಂತಿರುತ್ತದೆ! ಮುರಾನೊ ಗಾಜಿನಲ್ಲಿ ಸೋಡಾ ಇರುವುದರಿಂದ ಬೇಗ ಗಟ್ಟಿಯಾಗದು. ಎಳೆಯಲು, ತಿರುಚಲು ಸಾವಕಾಶ ಕೊಡುತ್ತದೆ. ಆದರೆ ತಣಿಯುವುದು ಬೇರೊಂದು ಗೂಡಿನಲ್ಲಿ ಗಂಟೆಗಟ್ಟಲೆ ಆಗಬೇಕು. ಹೊರಗೆ ಹಾಗೇ ಬಿಟ್ಟ ಕುದುರೆ ಒಡೆದುಹೋಗುತ್ತದೆ.

ಕೊಳ್ಳುವಾಗ

ಹೋಟೆಲಿನವರು ‘ಉಚಿತ ದೋಣಿ’ ಎಂದರೆ ಎರಡು ಸಲ ಯೋಚಿಸಿ. ಆ ದೋಣಿ ನಿಲ್ಲುವುದು ಒಂದೇ ಮಳಿಗೆಯ ಮುಂದೆ. ಮೊದಲು ಆಕಾಶದ ಬೆಲೆ, ಆಮೇಲೆ ‘ನಿಮಗಾಗಿ ಅರ್ಧಕ್ಕೆ’. ನಮ್ಮ ಪ್ರವಾಸಿ ಊರುಗಳ ಎಂಪೋರಿಯಂ ನೋಡಿದವರಿಗೆ ಆ ನಾಟಕ ಹೊಸದಲ್ಲ. ವೆನೆತೊ ಪ್ರಾಂತ್ಯ 1994ರಲ್ಲಿ ಕಾನೂನು ಮಾಡಿ ಸ್ಥಾಪಿಸಿದ ‘ವೆತ್ರೊ ಆರ್ತಿಸ್ತಿಕೊ ಮುರಾನೊ’ ಮುದ್ರೆಯನ್ನು ಹುಡುಕಿ. ‘ಮುರಾನೊ ಶೈಲಿ’ ಎಂಬ ಚೀಟಿಗೆ ಮರುಳಾಗಬೇಡಿ. ಮುದ್ರೆ ಬಳಸದ ಒಳ್ಳೆಯ ಕುಲುಮೆಗಳೂ ಇವೆ, ಅಲ್ಲಿ ಮಾಡಿದವರ ಹೆಸರು, ವರ್ಷ ಬರೆದ ಪ್ರಮಾಣಪತ್ರ ಕೇಳಿ ಪಡೆಯಿರಿ. ಸಣ್ಣ ಕೈಚೀಲ, ಸಣ್ಣ ಬಜೆಟ್ ಇದ್ದವರಿಗೆ ಗಾಜಿನ ಮಣಿಗಳೇ ಸರಿ. ಮಣಿ ಮಾಡುವ ಈ ಕಲೆ 2020ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ.

ಕಟ್ಟಿ ತರುವುದು

ಹೊರಡುವಾಗಲೇ ದೊಡ್ಡ ಗಟ್ಟಿ ಸೂಟ್‌ಕೇಸನ್ನು ಅರ್ಧ ಖಾಲಿ ಬಿಡಿ. ಎರಡು ಹಳೆಯ ಹತ್ತಿ ಸೀರೆ ಅಥವಾ ಪಂಚೆ ಮಡಚಿಟ್ಟುಕೊಳ್ಳಿ, ಅವುಗಳಷ್ಟು ಚೆನ್ನಾಗಿ ಗಾಜಿಗೆ ಸುತ್ತಿಕೊಳ್ಳುವ ಬಟ್ಟೆ ಇನ್ನೊಂದಿಲ್ಲ. ಹೂದಾನಿಯ ಹೊಟ್ಟೆಗೆ ಕಾಲುಚೀಲ ತುಂಬಿ, ಕತ್ತಿಗೆ ಬೇರೆಯಾಗಿ ಸುತ್ತಿ, ಪೆಟ್ಟಿಗೆಯ ಗೋಡೆಯಿಂದ ನಾಲ್ಕು ಬೆರಳು ಒಳಗೆ ಕೂರಿಸಿ. ಮುಚ್ಚಿ ಅಲುಗಾಡಿಸಿದಾಗ ಸದ್ದು ಬಂದರೆ ಮತ್ತೆ ಬಿಚ್ಚಿ. ಮೊಳಕೈಗಿಂತ ಉದ್ದದ್ದನ್ನು ಕುಲುಮೆಯವರೇ ವಿಮೆ ಮಾಡಿಸಿ ಕಳಿಸಲಿ. ಖರ್ಚು ಜಾಸ್ತಿ, ಆದರೂ ಇದರಲ್ಲಿ ಜಿಪುಣತನ ಬೇಡ.

ಒಂದೇ ಅಂಗಡಿಯಲ್ಲಿ 70 ಯೂರೊಗಿಂತ ಹೆಚ್ಚು ಕೊಂಡರೆ ತೆರಿಗೆಯ ಒಂದಷ್ಟು ಭಾಗ ವಾಪಸು ಬರುತ್ತದೆ. ಅಂಗಡಿಯಲ್ಲೇ ಅದರ ಫಾರಂ ಕೇಳಿ. ವೆನಿಸ್‌ನಿಂದ ದುಬೈ, ದೋಹಾ ಮೂಲಕ ಮರಳುವವರು ಆ ಫಾರಂಗೆ ವೆನಿಸ್ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲೇ ಒಪ್ಪಿಗೆ ಪಡೆಯಬೇಕು. ವಸ್ತು ತೋರಿಸಿ ಎಂದಾರು, ಆದ್ದರಿಂದ ಪೆಟ್ಟಿಗೆಯನ್ನು ಕೌಂಟರಿಗೆ ಒಪ್ಪಿಸುವ ಮೊದಲೇ ಹೋಗಿ. ಬಿಲ್ಲುಗಳು ಮಾತ್ರ ಪೆಟ್ಟಿಗೆಯೊಳಗೆ ಬೇಡ, ಕೈಚೀಲದಲ್ಲಿರಲಿ. ಬೆಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸ್‌ನವರು ಮೊದಲು ಕೇಳುವುದು ಅವನ್ನೇ.