ಅಜ್ಜನ ಡೈರಿಗಳನ್ನು ರದ್ದಿಗೆ ಹಾಕಬೇಡ



ಮಗಳೇ, ನೀರು ಸರಬರಾಜಿನ ಎಂಜಿನಿಯರನಾಗಿದ್ದ ಅಜ್ಜನ ಬಗ್ಗೆ ಬರೆಯಬೇಕು, ಎಲ್ಲಿಂದ ಸುರು ಮಾಡಲಿ ಎಂದು ಕೇಳಿದ್ದೀ. ಅವನ ಗೆಳೆಯನಾಗಿ ನನಗೆ ತಿಳಿದಷ್ಟು ಹೇಳುತ್ತೇನೆ. ನಾಲ್ಕು ಮಂದಿ ಓದುವ ಹಾಗೆಯೇ ಬರೆಯುತ್ತಿದ್ದೇನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಮನೆಗಳ ಅಟ್ಟದ ಮೇಲೆ ನಿವೃತ್ತ ಎಂಜಿನಿಯರರ ಕಾಗದಪತ್ರ ಧೂಳು ಹಿಡಿದು ಕೂತಿದೆ. ಅಲ್ಲಿಯ ಮೊಮ್ಮಕ್ಕಳಿಗೂ ಈ ಮಾತು ಸಲ್ಲಬೇಕು.

ನಮ್ಮ ಸೀಮೆ ಕಟ್ಟಿಸಿದವರನ್ನು ಮರೆತಿಲ್ಲ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳೆಂದು 1007ರ ಶಾಸನ ಇಂದಿಗೂ ಸಾರುತ್ತದೆ. ಆದರೆ ಅದೇ ಊರಿನ ಮುಸುಕಿನ ಬಾವಿಗೆ ಒಂದೊಂದು ಮೆಟ್ಟಿಲನ್ನೂ ಅಳೆದು ಇಳಿಸಿದವನ ಹೆಸರು ಯಾರ ನಾಲಿಗೆಯ ಮೇಲೂ ಇಲ್ಲ. ಇಂದಿನ ಶಂಕುಸ್ಥಾಪನೆಯ ಕಲ್ಲುಗಳಲ್ಲೂ ದೊಡ್ಡ ಅಕ್ಷರಗಳು ಮಂತ್ರಿಗಳದೇ. ಎಂಜಿನಿಯರ ನೆನಪಾಗುವುದು ನಳದಲ್ಲಿ ನೀರು ನಿಂತ ದಿನ. ನೀರು ಬರುತ್ತಿರುವಷ್ಟು ದಿನ ಅವನ ಹೆಸರು ಕೇಳುವವರಿಲ್ಲ. ನೀನು ಕೂತು ಬರೆಯಬೇಕಾದದ್ದು ಇದಕ್ಕಾಗಿಯೇ.

ಎಂಜಿನಿಯರರೊಳಗೆ ವಿಶ್ವೇಶ್ವರಯ್ಯನವರ ಮಾತು ಬೇರೆ. ಅವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ಗದಗ ಸೀಮೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಕೂತವು. ತಮ್ಮ ದುಡಿಮೆಯ ನೆನಪುಗಳನ್ನು 1951ರಲ್ಲಿ ಅವರೇ ಪುಸ್ತಕ ಮಾಡಿ ಹೊರತಂದರು. ನಿಮ್ಮಜ್ಜ ಪುಸ್ತಕ ಬರೆಯಲಿಲ್ಲ. ಬಿಟ್ಟುಹೋದದ್ದು ಡೈರಿಗಳನ್ನು, ನಿಮ್ಮನ್ನು.

ಹುಟ್ಟಿದ ತಾರೀಖು, ಡಿಗ್ರಿ, ಬಡ್ತಿ ಎಂದು ಸುರು ಮಾಡಬೇಡ. ನೀರಿನ ಜಾಡು ಹಿಡಿ. ಮುಂಡರಗಿ ತಾಲೂಕಿನ ಹಮ್ಮಿಗಿಗೆ ಹೋಗಿ ತುಂಗಭದ್ರೆಯ ದಂಡೆಯ ಮೇಲೆ ನಿಲ್ಲು. ಗದಗ ಆ ನದಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೆಟಗೇರಿಯ ಓಣಿಯಲ್ಲಿ ಒಂದು ಕೊಡ ತುಂಬಬೇಕಾದರೆ ನೀರನ್ನು ಅಷ್ಟು ಮೇಲೆ ಎತ್ತಬೇಕು, ದೂರ ತಳ್ಳಬೇಕು. ದಿಬ್ಬದಲ್ಲಿ ಪೈಪಿನೊಳಗೆ ಗಾಳಿ ಕಟ್ಟಿಕೊಂಡರೆ ನೀರು ತಡೆಯುತ್ತದೆ, ಅದಕ್ಕೆ ಅಲ್ಲಲ್ಲಿ ಏರ್ ವಾಲ್ವ್ ಕೂರಿಸುತ್ತಾರೆ. ಕರೆಂಟು ಹೋಗಿ ಪಂಪು ಒಮ್ಮೆಲೇ ನಿಂತರೆ ನೀರು ಹಿಮ್ಮೊಗವಾಗಿ ಬಂದು ಬಡಿಯುತ್ತದೆ, ಜೋಡಣೆಗಳು ಬಿಚ್ಚುತ್ತವೆ. ಎರೆಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಜತೆ ಪೈಪೂ ಅಲುಗುತ್ತದೆ. ನಿಮ್ಮಜ್ಜ ರಾತ್ರಿ ಎದ್ದು ಹೋಗುತ್ತಿದ್ದುದು ಇಂಥವುಗಳಿಗಾಗಿ. ಇದನ್ನು ತಿಳಿಯದೆ ಬರೆದರೆ, ‘ಕರ್ತವ್ಯನಿಷ್ಠರಾಗಿದ್ದರು’ ಎಂಬ ಒಂದು ಸಾಲಿನಲ್ಲಿ ಅವನ ಆಯುಷ್ಯವೆಲ್ಲ ಮುಗಿದುಹೋಗುತ್ತದೆ.

ಅವನ ಜತೆ ದುಡಿದವರನ್ನು ಹುಡುಕು. ಗೌಂಡಿ, ಪಂಪ್ ಆಪರೇಟರ್, ವಾಲ್ವ್ ತಿರುಗಿಸುವವ, ಜೀಪಿನ ಡ್ರೈವರ್. ‘ಸಾಹೇಬರು ಹೆಂಗಿದ್ರು?’ ಎಂದು ಕೇಳಿದರೆ ಎಲ್ಲರೂ ಛಲೋ ಇದ್ದರೆಂದೇ ಹೇಳುತ್ತಾರೆ. ‘ಸಾಹೇಬರಿಗೆ ಸಿಟ್ಟು ಯಾವಾಗ ಬರ್ತಿತ್ತು?’ ಎಂದು ಕೇಳು. ಸಿಮೆಂಟಿನ ಕ್ಯೂರಿಂಗಿಗೆ ನೀರು ಹೊಡೆಯದಿದ್ದರೆ ಬರುತ್ತಿತ್ತು, ಗುತ್ತೇದಾರ ಕೂಲಿಯವರ ಪಗಾರ ತಡೆದರೆ ಬರುತ್ತಿತ್ತು. ನಾನು ಕಂಡದ್ದು ಇವೆರಡು. ಅವರು ಇನ್ನೂ ಹತ್ತು ಹೇಳಿಯಾರು.

ಇನ್ನೊಂದು ಕಡೆಗೂ ಹೋಗಿ ಬಾ. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಕಟ್ಟಿದ ಬ್ಯಾರೇಜಿನ ಹಿನ್ನೀರಿಗೆ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಮನೆ ಬಿಡಬೇಕಾಯಿತು. ಆ ನೀರಾವರಿಯಿಂದ ಹೊಲ ತೋಯ್ದವರನ್ನು ಕೇಳುವಷ್ಟೇ ಆಸ್ಥೆಯಿಂದ ಈ ಊರಿನವರನ್ನೂ ಕೇಳು. ನಿಮ್ಮಜ್ಜ ಆ ಕೆಲಸದಲ್ಲಿ ಇರಲಿಲ್ಲ. ಆದರೆ ಒಬ್ಬರ ಊರಿಗೆ ಬಂದ ನೀರಿಗೆ ಮತ್ತೊಬ್ಬರು ಕೊಟ್ಟ ಬೆಲೆ ಏನೆಂದು ಕೇಳದೆ ಎಂಜಿನಿಯರನ ಕೆಲಸ ಪೂರ್ತಿ ಅರ್ಥವಾಗದು. ಅವನೂ ಈ ಮಾತನ್ನು ಒಪ್ಪುತ್ತಿದ್ದ.

ಮನೆಯ ಮಾತನ್ನು ಅಜ್ಜಿಯಿಂದ ಕೇಳು, ಈಗಲೇ ಕೇಳು. ಶಿರಹಟ್ಟಿಯಿಂದ ಮುಂಡರಗಿಗೆ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ವರ್ಗವಾದಾಗಲೆಲ್ಲ ಸಾಮಾನು ಕಟ್ಟಿದವರು ಅವರು. ಮಕ್ಕಳ ಸಾಲಿ ಬದಲಿಸಿದವರು, ಹೊಸ ಓಣಿಯಲ್ಲಿ ಹಾಲಿನವನಿಂದ ಹಿಡಿದು ಎಲ್ಲ ಬಳಕೆ ಮಾಡಿಕೊಂಡವರು ಅವರು. ಅಜ್ಜ ಹೆಸರು ಗಳಿಸಿದ ದುಡಿಮೆಯಲ್ಲಿ ಅವರದೂ ಅರ್ಧ ಪಾಲು. ಅವನು ತಪ್ಪಿಸಿಕೊಂಡ ಹಬ್ಬಗಳನ್ನೂ ಬರೆ. ನಿವೃತ್ತಿಯಾದ ಮೇಲೆ ದಿನಾ ಸಂಜೆ ನಿಮಗೆ ಲೆಕ್ಕ ಹೇಳಿಕೊಡಲು ಕೂರುತ್ತಿದ್ದನಲ್ಲ, ಅದನ್ನೂ ಬರೆ. ದೇವರನ್ನಾಗಿ ಮಾಡಿದರೆ ಅವನು ನಿಮ್ಮ ಕೈಗೆ ಸಿಗುವುದಿಲ್ಲ. ಮನುಷ್ಯನಾಗಿಯೇ ಇರಲಿ, ಮುಂದಿನವರೂ ಅವನ ಹಾಗೆ ಬಾಳಲು ಮನಸ್ಸು ಮಾಡುತ್ತಾರೆ.

ಡೈರಿಗಳನ್ನು ಮಾತ್ರ ಯಾರ ಒತ್ತಾಯಕ್ಕೂ ರದ್ದಿಗೆ ಹಾಕಬೇಡ. ನುಸಿ ಹಿಡಿಯದಂತೆ ಇಡು, ಪುಟಪುಟದ ಫೋಟೋ ತೆಗೆ. ಯಾವ ದಿಬ್ಬದಲ್ಲಿ ಬಂಡೆ ಸಿಕ್ಕಿತು, ಯಾವ ಹಳ್ಳದ ಮಗ್ಗುಲಲ್ಲಿ ಮಣ್ಣು ಕುಸಿಯಿತು, ಪೈಪನ್ನು ಯಾಕೆ ಸುತ್ತು ಹಾಕಿ ಒಯ್ದರು ಎಂಬ ಅವನ ಟಿಪ್ಪಣಿಗಳನ್ನು ಊರುವಾರು ಬೇರೆಯಾಗಿ ಬರೆದಿಡು. ಬರೆದದ್ದನ್ನು ಮೊದಲು ಅಜ್ಜಿಯ ಮುಂದೆ ಓದು, ಅವರು ಹೇಳಿದಂತೆ ತಿದ್ದು. ಆಮೇಲೆ ಒಂದು ಪ್ರತಿ ಊರಿನ ಗ್ರಂಥಾಲಯಕ್ಕೂ ಒಂದು ಪ್ರತಿ ನೀರು ಸರಬರಾಜಿನ ಕಚೇರಿಗೂ ಕೊಡು. ನಾಳೆ ಹೊಸದಾಗಿ ಬರುವ ಎಂಜಿನಿಯರ್ ಹುಡುಗ ಅದೇ ಮಣ್ಣನ್ನು ಅಗೆಯುತ್ತಾನೆ. ಅವನಿಗೆ ಒಂದು ಬೇಸಿಗೆಯ ತೊಂದರೆ ತಪ್ಪಿದರೂ ನಿಮ್ಮಜ್ಜನ ನೆನಪು ತನ್ನ ಕೆಲಸ ಮಾಡಿತೆಂದೇ ತಿಳಿ.

ಇಂತಿ,
ನಿಮ್ಮಜ್ಜನ ಗೆಳೆಯ