ಒಂದು ಹೋಟೆಲನ್ನು ನಿನ್ನದಾಗಿಸಿಕೊ

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಿದ್ದೀಯ, ಸಂತೋಷ. ಭಾನುವಾರಕ್ಕೊಂದರಂತೆ ಇಲ್ಲಿನ ಹಳೇ ಹೋಟೆಲುಗಳನ್ನೆಲ್ಲ ನೋಡಿಬಿಡಬೇಕು ಅಂತ ಪಟ್ಟಿ ಮಾಡಿಟ್ಟುಕೊಂಡಿರುವುದೂ ಒಳ್ಳೆಯದೇ. ಆದರೆ ಮಗೂ, ಅದನ್ನು ಮುಗಿಸುವ ಆತುರ ಬೇಡ. ಆ ಪಟ್ಟಿಯಲ್ಲಿ ನಿನ್ನ ರೂಮಿಗೆ ಹತ್ತಿರವಾದದ್ದು ಯಾವುದೋ ನೋಡು. ಅಲ್ಲಿಗೆ ಪದೇಪದೇ ಹೋಗು. ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಹೇಳಲಾರೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೂ ಒಂದು ಹೋಟೆಲಿನ ಗುರುತು ಚೆನ್ನಾಗಿ ಹತ್ತಿದ ಮೇಲೆಯೇ ಬೇರೆಯವುಗಳಲ್ಲಿ ಏನು ನೋಡಬೇಕು ಎನ್ನುವುದು ತಿಳಿಯುವುದು.

ಮೊದಲು ಹೊತ್ತಿನ ವಿಚಾರ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಭಾನುವಾರ ಬೆಳಿಗ್ಗೆ ಹೋಗಬೇಡ. ಹೋದರೆ ಬಾಗಿಲಲ್ಲಿ ಹೆಸರು ಬರೆಸಿ ಕಾಯುವುದರಲ್ಲೇ ಹಸಿವು ಸತ್ತುಹೋಗುತ್ತದೆ. ಮಂಗಳವಾರವೋ ಬುಧವಾರವೋ ಬೇಗ ಎದ್ದು ಹೋಗು. ಬೆಳಗಿನ ನಡಿಗೆ ಮುಗಿಸಿ ಬಂದವರು, ಹೂವಿನ ಅಂಗಡಿಯವರು, ದಿನಾ ಅದೇ ಮೂಲೆಯಲ್ಲಿ ಕೂರುವ ನಿವೃತ್ತ ಮೇಷ್ಟ್ರುಗಳು ಆಗ ಸಿಗುತ್ತಾರೆ. ಶುಕ್ರವಾರ ಅಲ್ಲಿ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಊರಿಗೆಲ್ಲ ಬಾಯಿಪಾಠವಾಗಿರುವ ಇಂಥ ಸಂಗತಿ ನಿನಗೂ ಬಾಯಿಪಾಠವಾಗಲಿ.

ಕೂತ ಮೇಲೆ ಫೋನು ಜೇಬಿನಲ್ಲಿರಲಿ. ಅವಕಾಶವಿದ್ದ ಕಡೆ ದೋಸೆಯ ಕಲ್ಲು ಕಾಣುವ ಜಾಗ ಹಿಡಿ. ಕಾದ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲುತ್ತಾರೆ. ಹನಿಗಳು ಚಟಪಟ ಕುಣಿದು ಆವಿಯಾಗುವಷ್ಟರಲ್ಲಿ ತೆಂಗಿನಕಡ್ಡಿಯ ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ. ಅದು ಬರೀ ಸ್ವಚ್ಛ ಮಾಡುವುದಕ್ಕಲ್ಲ. ಕಲ್ಲು ಕಾವೇರಿದ್ದರೆ ಹಿಟ್ಟು ಹರಡುವ ಮುಂಚೆಯೇ ಕಚ್ಚಿಕೊಂಡು ಗಂಟಾಗುತ್ತದೆ, ನೀರು ಆ ಕಾವನ್ನು ಇಳಿಸುತ್ತದೆ. ಆಮೇಲೆ ಸಾಲಾಗಿ ಹಿಟ್ಟು ಹುಯ್ದು, ಲೋಟದ ತಳದಿಂದಲೋ ಸೌಟಿನಿಂದಲೋ ತಿರುವಿ, ಮೊದಲ ಸಾಲಿನ ಅಂಚು ಕೆಂಪಾಗುವ ಹೊತ್ತಿಗೆ ಕೊನೆಯ ಸಾಲಿಗೆ ತುಪ್ಪ ಬಿದ್ದಿರುತ್ತದೆ. ಅಷ್ಟೂ ದೋಸೆಗಳ ಕಾವನ್ನು ಒಬ್ಬನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ, ಗಡಿಯಾರ ನೋಡುವುದಿಲ್ಲ. ವಿದ್ಯಾರ್ಥಿ ಭವನದಲ್ಲಿ ಆ ದೋಸೆಗಳು ತಟ್ಟೆಯ ಮೇಲೆ ತಟ್ಟೆಯಾಗಿ ಮಾಣಿಯ ತೋಳೇರಿ ಬರುವುದನ್ನು ನೋಡಿದರೆ, ಕೈಕೆಲಸದ ಮೇಲೆ ನಿನಗೆ ಗೌರವ ಹುಟ್ಟದೆ ಇರದು.

ಹಳೇ ಹೋಟೆಲಿಗೆ ಅದರದೇ ಹಟವೊಂದು ಇರುತ್ತದೆ, ಅದರೊಡನೆ ವಾದ ಮಾಡಬೇಡ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು, ಕಾಫಿ, ಹೆಚ್ಚುಕಡಿಮೆ ಅಷ್ಟೇ. ಸಾಂಬಾರ್ ಇಲ್ಲ. ಚಟ್ನಿಯನ್ನು ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ, ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ಸಾಂಬಾರ್ ಯಾಕಿಲ್ಲ ಅಂತ ಮೊದಲ ದಿನ ಅನ್ನಿಸಿದರೂ ನಾಲ್ಕನೆಯ ದಿನ ಅನ್ನಿಸುವುದಿಲ್ಲ.

ಎಂಟಿಆರ್‌ನ ಹಟ ಇನ್ನೂ ದೊಡ್ಡದು. 1924ರಲ್ಲಿ ಶುರುವಾದ ಹೋಟೆಲು ಅದು. ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ಕಣ್ಣಾರೆ ಕಂಡು ಬಂದು, ತಮ್ಮಲ್ಲೂ ಅದೇ ಶಿಸ್ತು ತಂದರು. ಗಿರಾಕಿಗಳು ಅಡುಗೆಮನೆಯನ್ನು ಹಾದೇ ಒಳಗೆ ಹೋಗುವ ವ್ಯವಸ್ಥೆ ಅಲ್ಲಿತ್ತು. ಮುಚ್ಚಿಡುವುದಕ್ಕೆ ಏನೂ ಇಲ್ಲದವರು ಮಾತ್ರ ಹಾಗೆ ಮಾಡಬಲ್ಲರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲೇ ಇಡ್ಲಿ ಮಾಡಿ ನೋಡಿದರು, ಇವತ್ತು ನಾವು ತುಪ್ಪ, ಸಾಗು ಜೊತೆ ತಿನ್ನುವ ರವೆ ಇಡ್ಲಿ ಹೀಗೆ ಹುಟ್ಟಿತು ಎನ್ನುತ್ತಾರೆ ಆ ಹೋಟೆಲಿನವರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ತೀರಾ ಇಳಿಸಲು ಹೇಳಿತು. ಆ ಬೆಲೆಗೆ ತಮ್ಮ ಗುಣಮಟ್ಟದಲ್ಲಿ ಕೊಡಲಾಗದು ಅಂತ ಆಗ ಹೋಟೆಲು ನಡೆಸುತ್ತಿದ್ದವರು ಅದನ್ನೇ ಕೆಲಕಾಲ ಮುಚ್ಚಿ, ಮಸಾಲೆಪುಡಿ, ದಿಢೀರ್ ಮಿಕ್ಸ್‌ಗಳ ವ್ಯಾಪಾರಕ್ಕಿಳಿದರು. ನೀನು ವಿದೇಶದ ಅಂಗಡಿಯಲ್ಲೂ ಕಾಣುವ ಆ ಪೊಟ್ಟಣಗಳ ಹಿಂದೆ ಇಂಥದೊಂದು ನಿಷ್ಠುರ ನಿರ್ಧಾರವಿದೆ.

ಇನ್ನೊಂದು ಗಮನಿಸು. ಮಯ್ಯರು ಬಂದದ್ದು ಕೋಟದ ಹತ್ತಿರದ ಪಾರಂಪಳ್ಳಿಯಿಂದ. 1943ರಲ್ಲಿ ವಿದ್ಯಾರ್ಥಿ ಭವನ ತೆರೆದ ಉರಾಳರು ಪಕ್ಕದ ಸಾಲಿಗ್ರಾಮದವರು. ಕರಾವಳಿಯ ಒಂದು ಸಣ್ಣ ಪಟ್ಟಿ ನೆಲದವರು ಬಂದು ಈ ಊರಿಗೆ ತಿಂಡಿ ತಿನ್ನುವ ಕ್ರಮವನ್ನೇ ಕಲಿಸಿದರು. ಇವತ್ತು ನಿನ್ನ ಮುಂದೆ ತಟ್ಟೆ ಇಡುವ ಹುಡುಗ ಕುಂದಾಪುರದವನೇ ಆಗಬೇಕಿಲ್ಲ, ಅಸ್ಸಾಮಿನವನೂ ಇರಬಹುದು. ಅವನ ಊರು ಕೇಳು, ಹೆಸರು ಕೇಳು. ಅವನು ಕನ್ನಡ ಕಲಿಯುತ್ತಿದ್ದರೆ ನಿಧಾನವಾಗಿ ಕನ್ನಡದಲ್ಲೇ ಮಾತಾಡು. ಮೂರನೆಯ ವಾರದ ಹೊತ್ತಿಗೆ ನೀನು ಬಾಯಿ ಬಿಡುವ ಮುಂಚೆಯೇ ‘ಸ್ಟ್ರಾಂಗ್ ಕಾಫಿ, ಸಕ್ಕರೆ ಕಮ್ಮಿ’ ಅಂತ ಒಳಗೆ ಕೂಗಿ ಹೇಳುತ್ತಾನೆ. ಹೊಸ ಊರಿನಲ್ಲಿ ಒಬ್ಬಂಟಿಯಾಗಿರುವವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ ಆಗ ಗೊತ್ತಾಗುತ್ತದೆ.

ಬಸವನಗುಡಿ, ಮಲ್ಲೇಶ್ವರಕ್ಕೇ ಅಂಟಿಕೊಳ್ಳಬೇಡ. ನಾನ್‌ವೆಜ್ ತಿನ್ನುವುದಾದರೆ ಮಿಲಿಟರಿ ಹೋಟೆಲಿನಲ್ಲಿ ದೊನ್ನೆ ಬಿರಿಯಾನಿ, ಮುದ್ದೆ, ಕಾಲ್ಸೂಪು ಇವೆ. ಫ್ರೇಜರ್ ಟೌನಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿ ಇದೆ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗಂತೂ ಹೋಗಲೇಬೇಕು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಬೀದಿಗೆ ಬೀಳಬೇಕಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿದ್ದು ಈ ಬೆಂಗಳೂರಿನಲ್ಲೇ. ಎಂಜಿ ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಜಾಗ ಬಿಡಬೇಕಾಗಿ ಬಂದು ಈಗಿನ ಜಾಗಕ್ಕೆ ಬಂತು. ಅಲ್ಲಿ ಅಥವಾ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ, ಒಂದು ಕಾಫಿ ಹಿಡಿದು ಹರಟುತ್ತ ಕೂರಬಹುದು. ಟಿಫನ್ ರೂಮಿನಲ್ಲಿ ಮಾತ್ರ ಹಾಗೆ ಕೂರಬಾರದು. ನಿನ್ನ ಎದುರಿನ ಕುರ್ಚಿಗೆ ಅಪರಿಚಿತರು ಬಂದು ಕೂತರೆ ಮುಖ ಸಿಂಡರಿಸಬೇಡ, ಲೋಟ ಖಾಲಿಯಾದ ಮೇಲೆ ಜಾಗ ಬಿಟ್ಟೇಳು. ಹಿಂದೆ ನಿಂತಿರುವ ಅಜ್ಜನಿಗೂ ಹಸಿವಿದೆ.

ಈಗ ಆಗಲೇ ಹೇಳಿದ ಮಾತಿಗೆ ಬರುತ್ತೇನೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನ್ಯೂ ಕೃಷ್ಣ ಭವನ ಅಂತ ಇತ್ತು. 1954ರದು. ಅಲ್ಲಿನ ಹಸಿರು ಮಸಾಲೆ ಇಡ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. 2022ರ ಡಿಸೆಂಬರಿನಲ್ಲಿ ಮುಚ್ಚಿತು. ಮುಚ್ಚುವ ಸುದ್ದಿ ಹಬ್ಬಿದಾಗ ಕೊನೆಯ ತಿಂಡಿಗೆ ಜನ ಮುಗಿಬಿದ್ದರು. ಆ ಪ್ರೀತಿ ಸುಳ್ಳಲ್ಲ. ಆದರೆ ಹೋಟೆಲು ನಡೆಯುವುದು ಕೊನೆಯ ದಿನದ ನೂಕುನುಗ್ಗಲಿನಿಂದಲ್ಲ, ಯಾವುದೋ ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದು ಬೈ-ಟು ಕಾಫಿ ಕುಡಿಯುವವರಿಂದ. ಅಂಥ ರಸ್ತೆಗಳಲ್ಲಿ ಜಾಗದ ಬೆಲೆಯ ಮುಂದೆ ಇಡ್ಲಿಯ ಲಾಭ ಏನೇನೂ ಅಲ್ಲ. ಆದರೂ ದಿನಾ ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಾರಲ್ಲ, ಅವರಿಗೆ ನಾವು ಕೊಡಬಹುದಾದದ್ದು ತಪ್ಪದೆ ಹೋಗುವ ರೂಢಿ ಒಂದೇ.

ಆ ರೂಢಿಗೆ ಹೆಸರಾಂತ ಹೋಟೆಲೇ ಬೇಕೆಂದೇನಿಲ್ಲ. ನಿನ್ನ ಬಸ್‌ಸ್ಟಾಪಿನ ಹಿಂದೆ ಬಣ್ಣ ಮಾಸಿದ ಬೋರ್ಡಿನ ಒಂದು ಉಪಾಹಾರ ಮಂದಿರ ಇದೆ ಅಂದೆಯಲ್ಲ, ನಾಳೆ ಅಲ್ಲಿಂದಲೇ ಶುರು ಮಾಡು. ಒಂದು ಖಾಲಿ ದೋಸೆ, ಒಂದು ಕಾಫಿ. ಚೆನ್ನಾಗಿದ್ದರೆ ಗಲ್ಲಾದ ಮೇಲಿರುವವರಿಗೆ ಹೇಳು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದರೂ ಅವರಿಗೇ ಮೆಲ್ಲಗೆ ಹೇಳು. ಮತ್ತೆ ನಾಡಿದ್ದು ಹೋಗು.